"ಅಯ್ಯೋ ಪಾಪ" ಅನ್ನಿಸದೆ ಕತೆ ಬರೆಯುವುದು

ಮೂರು ವರ್ಷದ ಹಿಂದೆ ಜೂನ್ 19ರ ವಾಚನಾ ದಿನಕ್ಕೆ, ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮೂರಿನ ಗ್ರಂಥಾಲಯದಲ್ಲಿ ನಾನೊಂದು ಕತೆ ಓದಿದೆ. ಅಡಿಕೆ ಮರಕ್ಕೆ ಮದ್ದು ಬಿಡುವ ಮುದುಕನ ಕತೆ. ಅವನ ಹೆಂಡತಿ ಸಾಯುತ್ತಾಳೆ. ಮಗ ಗಲ್ಫಿಗೆ ಹೋದವನು ಫೋನು ಮಾಡುವುದಿಲ್ಲ. ಧಣಿ ಸಂಬಳ ಹಿಡಿಯುತ್ತಾನೆ. ಕೊನೆಗೆ ಮಳೆಗಾಲದ ಒಂದು ಬೆಳಿಗ್ಗೆ ಮರದಿಂದ ಬಿದ್ದು ಅವನೂ ಸಾಯುತ್ತಾನೆ. ಓದುವಾಗ ನನ್ನ ಗಂಟಲೇ ಕಟ್ಟಿತು ನೋಡಿ. ಮುಗಿದ ಮೇಲೆ ಕೂತವರೆಲ್ಲ "ಅಯ್ಯೋ ಪಾಪ" ಅಂದರು. ಚಾ ಬಂತು. ಎರಡು ನಿಮಿಷದಲ್ಲಿ ಎಲ್ಲರೂ ಅಡಿಕೆ ರೇಟು ಮಾತಾಡುತ್ತಿದ್ದರು.

ಹಿಂದಿನ ಬೆಂಚಿನಲ್ಲಿ ಒಬ್ಬರು ಅಕ್ಕ ಇದ್ದರು. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸಿದವರು. ಅವರು ಲೋಟ ಕೆಳಗಿಡುತ್ತಾ ಕೇಳಿದರು: "ಆ ಮನುಷ್ಯನಿಗೆ ಎಂತ ಬೇಕಿತ್ತು ಮಾಷ್ಟ್ರೇ? ಅದೊಂದು ಗೊತ್ತಾಗ್ಲಿಲ್ಲ."

ನನಗೂ ಗೊತ್ತಿರಲಿಲ್ಲ. ಅವನಿಗೆ ಏನೇನು ಕಷ್ಟ ಅಂತ ಪಟ್ಟಿ ಮಾಡಿದ್ದೆ, ಅಷ್ಟೆ.

ಆಮೇಲೆ ಕೂತು ಯೋಚನೆ ಮಾಡಿ, ಹಳೆಯ ಕತೆಗಳನ್ನು ಬಿಚ್ಚಿ ನೋಡಿ, ಶಾಲೆಯಲ್ಲಿ ಕತೆ ಬರೆಯುವ ಮಕ್ಕಳ ಜೊತೆ ತಲೆ ಚಚ್ಚಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೈಯಲ್ಲಿ ಅಧಿಕಾರ, ದುಡ್ಡು, ಮಾತು ಯಾವುದೂ ಇಲ್ಲದವರನ್ನು ಕತೆಯ ನಡುವೆ ಇಟ್ಟರೆ ಓದುವವರು ಅವರ ಪಕ್ಕ ಬಂದು ನಿಲ್ಲಬೇಕು. ಮೇಲಿನಿಂದ ಕನಿಕರ ಸುರಿಸಿ ಹೋಗುವುದಲ್ಲ. ಕಷ್ಟ ಜಾಸ್ತಿ ಹಾಕಿದರೆ ಪಕ್ಕಕ್ಕೆ ಬರುತ್ತಾರೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಉಳಿದಿರುವ ಅಂಗೈಯಗಲದ ಜಾಗದಲ್ಲಿ ಆ ಮನುಷ್ಯ ಏನು ಮಾಡುತ್ತಾನೆ ಅಂತ ಕಂಡಾಗ ಬರುತ್ತಾರೆ.

ಉದಾಹರಣೆಗೆ ಒಂದು ಕತೆಯನ್ನೇ ಕಟ್ಟುತ್ತಾ ಹೋಗೋಣ. ಲೀಲಕ್ಕ ಅಂತ ಹೆಸರು, ನಾನೇ ಇಟ್ಟದ್ದು. ವಯಸ್ಸು ಐವತ್ತೈದು. ಬೀಡಿ ಕಟ್ಟುತ್ತಾಳೆ. ಅವಳ ರೇಷನ್ ಕಾರ್ಡು ಬಿಳಿ. ಗುಲಾಬಿ ಆಗಬೇಕಿತ್ತು.

(ಕೇರಳದ ಹೊರಗಿನವರಿಗೆ ಒಂದು ಮಾತು: ಇಲ್ಲಿ ಕಾರ್ಡಿಗೆ ಬಣ್ಣ ಉಂಟು. ತೀರಾ ಬಡವರಿಗೆ ಹಳದಿ, ಆಮೇಲಿನವರಿಗೆ ಗುಲಾಬಿ, ನಂತರ ನೀಲಿ, ಕಡೆಗೆ ಬಿಳಿ. ಬಿಳಿ ಕಾರ್ಡಿನವರಿಗೆ ಸಬ್ಸಿಡಿ ಇಲ್ಲ.)

ಮೊದಲ ಹೆಜ್ಜೆ: ಅವಳ ಕೈಯಲ್ಲಿ ಯಾವುದು ಇಲ್ಲ, ಅದನ್ನು ಗುರುತು ಮಾಡಿ

"ಬಡವಿ" ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. "ಶೋಷಿತೆ" ಅಂತ ಬರೆದರೆ ಇನ್ನೂ ಕಡಿಮೆ. ಪೆನ್ನು ಹಿಡಿಯುವ ಮೊದಲು ಇದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ: ಸಹಿ ಯಾರದ್ದು? ಬೀಗದ ಕೈ ಯಾರ ಸೊಂಟದಲ್ಲಿ? ಗಡಿಯಾರ ಯಾರ ಗೋಡೆಯಲ್ಲಿ? ಮಾತು ಯಾರ ಭಾಷೆಯಲ್ಲಿ ನಡೆಯುತ್ತದೆ?

ಈ ಕೊನೆಯ ಪ್ರಶ್ನೆ ನಮ್ಮ ಕಾಸರಗೋಡಿನವರಿಗೆ ಯಾರೂ ಕಲಿಸಬೇಕಿಲ್ಲ. 1956ರ ನವೆಂಬರ್ 1ಕ್ಕೆ ಈ ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ದಿಕ್ಕಿನ ಊರುಗಳು ಕರ್ನಾಟಕಕ್ಕೆ ಹೋಗಲಿ ಅಂತ ಹೇಳಿತು. ಅದು ಕಾಗದದಲ್ಲೇ ಉಳಿಯಿತು. ಇದನ್ನೆಲ್ಲ ಕತೆಯಲ್ಲಿ ಬರೆಯಬೇಡಿ ಮಾರ್ರೆ, ಅದು ಭಾಷಣ ಆಗುತ್ತದೆ. ಕತೆಗೆ ಬೇಕಾದದ್ದು ಇಷ್ಟೆ: ಲೀಲಕ್ಕ ಮನೆಯಲ್ಲಿ ಮಾತಾಡುವುದು ತುಳು, ಐದನೇ ಕ್ಲಾಸಿನವರೆಗೆ ಓದಿದ್ದು ಕನ್ನಡ, ಆಫೀಸಿನ ಬೋರ್ಡು ಮಲಯಾಳ. ಆ ಬೋರ್ಡಿನಲ್ಲಿ ಅವಳಿಗೆ ಓದಲು ಬರುವುದು ಅಂಕೆಗಳು ಮಾತ್ರ. ಹತ್ತು, ಐದು. ಮಧ್ಯದಲ್ಲಿ ಏನು ಬರೆದಿದೆಯೋ ದೇವರಿಗೇ ಗೊತ್ತು.

ನೋಡಿ, ಅವಳಿಗೆ ಓದು ಬರುತ್ತದೆ. ಅವಳು ಹೆಡ್ಡಿ ಅಲ್ಲ. ಆ ಬಾಗಿಲ ಮುಂದೆ ನಿಂತಾಗ ಮಾತ್ರ ಅವಳು ಓದು ಬಾರದವಳಾಗುತ್ತಾಳೆ. ಅಧಿಕಾರ ಇಲ್ಲದಿರುವುದು ಮೈಬಣ್ಣದ ಹಾಗೆ ಯಾವಾಗಲೂ ಅಂಟಿಕೊಂಡಿರುವುದಿಲ್ಲ. ಒಂದು ಜಾಗಕ್ಕೆ ಹೋದಾಗ ಶುರುವಾಗುತ್ತದೆ, ಅಲ್ಲಿಂದ ಹೊರಗೆ ಬಂದಾಗ ಕಮ್ಮಿಯಾಗುತ್ತದೆ. ಅದು ಶುರುವಾಗುವ ಜಾಗ ಯಾವುದೋ, ಕತೆಯನ್ನು ಅಲ್ಲೇ ಇಡಿ.

ಎರಡನೆಯದು: ಬಯಕೆ ಸಣ್ಣದಿರಲಿ, ಎಣಿಸುವ ಹಾಗಿರಲಿ

ಆ ಅಕ್ಕ ಕೇಳಿದ್ದು ಇದನ್ನೇ. ಎಂತ ಬೇಕಿತ್ತು?

"ನ್ಯಾಯ ಬೇಕಿತ್ತು", "ಗೌರವದ ಬದುಕು ಬೇಕಿತ್ತು" ಅಂದರೆ ಓದುಗನ ಕಣ್ಣಿಗೆ ಏನೂ ಕಾಣುವುದಿಲ್ಲ. ಪ್ರೇಮಚಂದರ 'ಈದ್‌ಗಾಹ್' ಕತೆಯ ಹುಡುಗ ಹಾಮಿದನ ಕೈಯಲ್ಲಿ ಜಾತ್ರೆಗೆ ಅಂತ ಇದ್ದದ್ದು ಬರೇ ಮೂರು ಪೈಸೆ. ಉಳಿದ ಹುಡುಗರು ಆಟದ ಸಾಮಾನು, ಸಿಹಿ ತಗೊಳ್ಳುತ್ತಾರೆ. ಅವನು ಅಜ್ಜಿಯ ಬೆರಳು ರೊಟ್ಟಿ ಬೇಯಿಸುವಾಗ ಸುಡುತ್ತದೆ ಅಂತ ಒಂದು ಇಕ್ಕಳ ತರುತ್ತಾನೆ. ಮೂರು ಪೈಸೆ ಅಂದಕೂಡಲೇ ನಾವೂ ಅವನ ಜೊತೆ ಲೆಕ್ಕ ಹಾಕಲು ಶುರುಮಾಡುತ್ತೇವೆ. ಇದಕ್ಕೆ ಕೊಟ್ಟರೆ ಅದಕ್ಕೆ ಇಲ್ಲ, ಅದಕ್ಕೆ ಕೊಟ್ಟರೆ ಇದಕ್ಕೆ ಇಲ್ಲ. ಹೀಗೆ ಲೆಕ್ಕ ಹಾಕುತ್ತಾ ಇರುವವನು ಆಗಲೇ ಆ ಹುಡುಗನ ಪಕ್ಕದಲ್ಲಿ ನಿಂತಾಯಿತು. ಅವನಿಗೆ ಯಾರೂ "ಮರುಗು" ಅಂತ ಹೇಳಬೇಕಿಲ್ಲ.

ಲೀಲಕ್ಕನಿಗೂ ಹಾಗೆ ಒಂದು ಲೆಕ್ಕ ಕೊಡೋಣ. ಕಾರ್ಡಿನ ಬಣ್ಣ ಬದಲಾಗಬೇಕು, ಅದು ದೊಡ್ಡ ಬಯಕೆ. ಆದರೆ ಇವತ್ತಿನ ಬಯಕೆ ಬೇರೆ: ನಾಲ್ಕು ಗಂಟೆಯೊಳಗೆ ಬೀಡಿ ಬ್ರಾಂಚಿಗೆ ಮುಟ್ಟಬೇಕು. ಕಟ್ಟಿದ ಬೀಡಿ ಕೊಟ್ಟು ನಾಳೆಗೆ ಎಲೆ, ಹೊಗೆಸೊಪ್ಪು ತರಬೇಕು. ಇವತ್ತು ತಪ್ಪಿದರೆ ನಾಳೆ ಕೈ ಖಾಲಿ. ಬಸ್ಸು ಎರಡೂವರೆಗೆ. ಇವತ್ತು ಸೋಮವಾರ. ಈಗ ಗಂಟೆ ಹನ್ನೆರಡೂ ಮುಕ್ಕಾಲು, ಕಿಟಕಿಯ ಮುಂದೆ ಒಂಬತ್ತು ಜನ.

ಕತೆ ಓಡಲು ಶುರುವಾಯಿತು, ಅಲ್ವಾ? ಇನ್ನೂ ಒಂದು ಹನಿ ಕಣ್ಣೀರು ಹಾಕಿಲ್ಲ.

ಮೂರನೆಯದು: ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ತೋರಿಸಿ

ನನ್ನ ಮದ್ದು ಬಿಡುವ ಮುದುಕನ ಕತೆಯಲ್ಲಿ ಆದ ದೊಡ್ಡ ತಪ್ಪು ಇದು. ಅವನನ್ನು ಬರೇ ಬೀಳಿಸಿದೆ. ಹತ್ತಿಸಲಿಲ್ಲ.

ಅಡಿಕೆ ಮರ ಹತ್ತುವವರನ್ನು ನೀವು ನೋಡಿದ್ದರೆ ನಾನು ಹೇಳುವುದು ಅರ್ಥ ಆಗುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಮರ. ಕಾಲಿಗೆ ತಳೆ ಹಾಕಿ, ಮೈಲುತುತ್ತು ಸುಣ್ಣ ಕಲಸಿದ ನೀಲಿ ಮದ್ದು ಮೈಮೇಲೆಲ್ಲ ಇಳಿಯುತ್ತಿದ್ದರೂ ಸರಸರ ಮೇಲೆ ಹೋಗುತ್ತಾರೆ. ಒಂದು ಮರ ಮುಗಿದರೆ ಕೆಳಗೆ ಇಳಿದು ಪುನಃ ಹತ್ತುವುದಿಲ್ಲ. ಮೇಲಿಂದಲೇ ಮರವನ್ನು ತೂಗಿ, ಬಾಗಿಸಿ, ಪಕ್ಕದ ಮರವನ್ನು ಕೈಯಲ್ಲಿ ಹಿಡಿದು ದಾಟಿಬಿಡುತ್ತಾರೆ. ಕೆಳಗೆ ಕೊಡೆ ಹಿಡಿದು ನಿಂತ ಧಣಿ ಆ ಹೊತ್ತಿನಲ್ಲಿ ತಲೆ ಎತ್ತಿ ನೋಡುವ ಒಂದು ಸಣ್ಣ ಮನುಷ್ಯ. ಅಂಗಳದಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನುವುದು ತೋಟದಲ್ಲಿ ಅರ್ಧ ಗಂಟೆ ತಿರುಗಿ ಬಿದ್ದಿರುತ್ತದೆ. ಇದನ್ನು ತೋರಿಸಿದ ಮೇಲೆ ಅದೇ ಮನುಷ್ಯ ಸಂಜೆ ಸಂಬಳಕ್ಕೆ ಜಗಲಿಯ ಕೆಳಗೆ ಕೈಕಟ್ಟಿ ನಿಂತದ್ದನ್ನು ಬರೆಯಿರಿ. ಒಂದೇ ಸಾಲು ಸಾಕು. ಓದುವವನಿಗೆ ಕೋಪ ತಾನಾಗಿ ಬರುತ್ತದೆ. ಯಾಕೆ ಅಂದರೆ ಇವನು ಏನು ಅಂತ ಅವನು ನೋಡಿಯಾಗಿದೆ.

ಲೀಲಕ್ಕನ ಕೈ ಹಾಗೆಯೇ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಮುಟ್ಟಿದರೆ ಸಾಕು, ಇದು ಕತ್ತರಿಸಲು ಹದವಾಗಿದೆಯೋ ಇಲ್ಲವೋ ಹೇಳುತ್ತಾಳೆ. ಟಿವಿ ನೋಡುತ್ತಾ, ಮೊಮ್ಮಗನನ್ನು ಗದರಿಸುತ್ತಾ, ಮಡಿಲಿನ ಮೊರದ ಕಡೆ ಕಣ್ಣು ಹಾಕದೆ ಬೀಡಿ ಸುತ್ತುತ್ತಾಳೆ. ಕ್ಯೂನಲ್ಲಿ ನಿಂತಾಗಲೂ ಅವಳ ಹೆಬ್ಬೆರಳು ತೋರುಬೆರಳು ಸುಮ್ನೆ ಸುತ್ತುತ್ತಾ ಇರುತ್ತದೆ, ಎಲೆ ಇಲ್ಲದೆ. ಈ ಕೊನೆಯ ವಿವರ ನನಗೆ ತುಂಬಾ ಇಷ್ಟ. ನಾನು ಕಟ್ಟಿದ್ದಲ್ಲ, ಬಸ್ಸಿನಲ್ಲಿ ನೋಡಿದ್ದು.

ನಾಲ್ಕು: ಒಂದು ಹುಳುಕು

ಅಧಿಕಾರ ಇಲ್ಲದವರೆಲ್ಲ ದೇವರಂಥವರು ಅಂತ ಬರೆಯುವುದೂ ಒಂದು ಅವಮಾನವೇ. ಲೀಲಕ್ಕನ ಕಾರ್ಡು ಬಿಳಿ ಆದದ್ದು ಹೇಗೆ ಗೊತ್ತಾ? ಮನೆ 1000 ಚದರ ಅಡಿಗಿಂತ ದೊಡ್ಡದಿದ್ದರೆ ಗುಲಾಬಿ ಸಿಗುವುದಿಲ್ಲ. ಅವಳು ಇರುವುದು ಅಣ್ಣನ ಮನೆಯ ಹಿಂದೆ ಇಳಿಸಿ ಕಟ್ಟಿದ ಎರಡು ಕೋಣೆಯಲ್ಲಿ. ವಿವರ ಬರೆದುಕೊಳ್ಳಲು ಬಂದ ಹುಡುಗಿ ಇವಳ ಶಾಲೆಯ ಗೆಳತಿಯ ಮಗಳು. ಆ ಹುಡುಗಿಯ ಎದುರು ಹಿಂದಿನ ಕೋಣೆ ತೋರಿಸಲು ನಾಚಿಕೆಯಾಗಿ, ಎದುರಿನ ಜಗಲಿಯಲ್ಲೇ ಕೂರಿಸಿ, ಚಾ ಕೊಟ್ಟು, "ನಮ್ಮದೇ ಮನೆ, ಬನ್ನಿ" ಅಂದುಬಿಟ್ಟಳು. ಹುಡುಗಿ ಬರೆದುಕೊಂಡಳು. ಇವಳು ಸಹಿ ಹಾಕಿದಳು.

ಈಗ ಅವಳ ಕಷ್ಟದಲ್ಲಿ ಅವಳ ಕೈಯೂ ಇದೆ. ಇದರಿಂದ ಓದುಗನ ಪ್ರೀತಿ ಕಮ್ಮಿ ಆಗುತ್ತದೆ ಅಂತ ಹೆದರಬೇಡಿ. ಮನೆಗೆ ನೆಂಟರು ಬಂದಾಗ ಹರಿದ ಚಾಪೆಯನ್ನು ಒಳಗೆ ತಳ್ಳದವರು ಯಾರಿದ್ದಾರೆ?

ಐದು: ಎದುರಾಳಿಯನ್ನು ರಾಕ್ಷಸ ಮಾಡಬೇಡಿ

ನನ್ನ ಹಳೆಯ ಕತೆಯ ಧಣಿ ಮೀಸೆ ತಿರುವುತ್ತಿದ್ದ. ನಾಟಕದ ಧಣಿ. ಅಂಥವನು ಬಂದ ಕೂಡಲೇ ಓದುಗನಿಗೆ ಒಂದು ನೆಮ್ಮದಿ: ನಾನು ಇವನಲ್ಲ, ನನಗೂ ಇದಕ್ಕೂ ಸಂಬಂಧ ಇಲ್ಲ. ಆ ನೆಮ್ಮದಿಯನ್ನು ಕೊಡಬಾರದು.

ಕಿಟಕಿಯ ಒಳಗಿನ ಗುಮಾಸ್ತ ತೆಂಕಲಿಂದ ಬಂದವನು ಅಂತ ಇಟ್ಟುಕೊಳ್ಳಿ. ವರ್ಗ ಆಗಿ ಬಂದು ಮೂರು ತಿಂಗಳು. ಕನ್ನಡ ಬರುವುದಿಲ್ಲ, ತುಳು ಕೇಳಿಯೇ ಇರಲಿಲ್ಲ. ಶುಕ್ರವಾರ ಸಂಜೆಯ ರೈಲು ತಪ್ಪಿದರೆ ವಾರದ ಕೊನೆಗೂ ಮಗುವಿನ ಮುಖ ನೋಡಲಾಗುವುದಿಲ್ಲ. ಅವನು ಬೈಯುವುದಿಲ್ಲ. ಕಂಪ್ಯೂಟರ್ ಕಡೆ ನೋಡಿ "ಸರ್ವರ್ ಇಲ್ಲ" ಅನ್ನುತ್ತಾನೆ, ಅದು ನಿಜವೂ ಹೌದು. ಬೀಡಿ ಬ್ರಾಂಚಿನ ಚೆಕ್ಕರನೂ ಹಾಗೆ. ಒಂದು ಹಿಡಿ ಬೀಡಿಯನ್ನು "ಇದು ಆಗ್ಲಿಕ್ಕಿಲ್ಲ" ಅಂತ ಬದಿಗೆ ಎಸೆಯುತ್ತಾನೆ, ಯಾಕೆಂದರೆ ಎಸೆಯದಿದ್ದರೆ ಅವನನ್ನು ಕೇಳುವವರು ಮೇಲೆ ಇದ್ದಾರೆ. ಆ ಒಂದು ಹಿಡಿಯನ್ನು ಸುತ್ತಿದ ಕೈ ಎಂಥದ್ದು ಅಂತ ನಾವು ಮೊದಲೇ ತೋರಿಸಿದ್ದೇವೆ, ಹಾಗಾಗಿ ಇಲ್ಲಿ ಏನೂ ಹೇಳಬೇಕಿಲ್ಲ.

ಆರು: ನೀವು ಅಳಬೇಡಿ

ಇದು ಎಲ್ಲಕ್ಕಿಂತ ಕಷ್ಟದ್ದು. ಸ್ವಲ್ಪ ನಿಂತು ಮಾತಾಡುತ್ತೇನೆ.

ರಷ್ಯದ ಕತೆಗಾರ ಚೆಕಾಫ್ 1892ರಲ್ಲಿ ಒಬ್ಬ ಲೇಖಕಿಗೆ ಪತ್ರ ಬರೆದ. ದುಃಖದಲ್ಲಿರುವವರ ಬಗ್ಗೆ ಬರೆದು ಓದುಗರ ಮನ ಕರಗಿಸಬೇಕಾದರೆ ನೀವು ಇನ್ನಷ್ಟು ತಣ್ಣಗಿರಿ, ಆಗ ಅವರ ದುಃಖ ಎದ್ದು ಕಾಣಲು ಒಂದು ಹಿನ್ನೆಲೆ ಸಿಗುತ್ತದೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅವನು ಬರೇ ಉಪದೇಶ ಮಾಡಿದವನಲ್ಲ. 1886ರಲ್ಲೇ ಒಂದು ಕತೆಯಲ್ಲಿ ಮಾಡಿ ತೋರಿಸಿದ್ದ. ಯೋನಾ ಅನ್ನುವ ಮುದಿ ಗಾಡಿಯವನ ಮಗ ಅದೇ ವಾರ ತೀರಿಹೋಗಿದ್ದಾನೆ. ಗಾಡಿ ಹತ್ತಿದವರಿಗೆಲ್ಲ ಅವನು ಅದನ್ನು ಹೇಳಲು ಹೊರಡುತ್ತಾನೆ, ಯಾರಿಗೂ ಕೇಳಲು ಪುರುಸೊತ್ತಿಲ್ಲ. ಕಡೆಗೆ ರಾತ್ರಿ ಲಾಯದಲ್ಲಿ ಹುಲ್ಲು ಜಗಿಯುತ್ತಿರುವ ತನ್ನ ಕುದುರೆಗೆ ಎಲ್ಲವನ್ನೂ ಹೇಳುತ್ತಾನೆ. ಕತೆ ಅಷ್ಟೆ. ಲೇಖಕ ಎಲ್ಲಿಯೂ ನಿಂತು "ನೋಡಿ ಎಂಥಾ ಲೋಕ" ಅನ್ನುವುದಿಲ್ಲ.

ಈಗ ನಾನು ಮೊದಲು ಬರೆಯುತ್ತಿದ್ದ ರೀತಿಯಲ್ಲಿ ಲೀಲಕ್ಕನನ್ನು ಬರೆದು ತೋರಿಸುತ್ತೇನೆ. ನಗಬೇಡಿ:

"ಬಡತನದ ಬೇಗೆಯಲ್ಲಿ ಬೆಂದ ಲೀಲಕ್ಕ ಕಣ್ಣೀರು ಸುರಿಸುತ್ತಾ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಅವಳ ಹೃದಯ ಚೂರುಚೂರಾಗಿತ್ತು. ಈ ಕ್ರೂರ ಜಗತ್ತಿನಲ್ಲಿ ಅವಳ ಮೂಕ ವೇದನೆ ಯಾರಿಗೆ ಕೇಳಿಸೀತು?"

ಇಲ್ಲಿ ಯಾರು ಅಳುತ್ತಿದ್ದಾರೆ? ನಾನು. ಲೀಲಕ್ಕ ಎಲ್ಲಿದ್ದಾಳೆ ಅಂತ ಹುಡುಕಬೇಕು. ಅಳುವ ಕೆಲಸ ನಾನೇ ಮಾಡಿ ಮುಗಿಸಿದ ಮೇಲೆ ಓದುಗನಿಗೆ ಮಾಡಲು ಏನು ಉಳಿಯಿತು? "ಅಯ್ಯೋ ಪಾಪ" ಅಂತ ಹೇಳಿ ಚಾ ಕುಡಿಯುವುದು.

ಈಗ ಇದನ್ನು ನೋಡಿ:

"ಕಿಟಕಿಯ ಹತ್ತಿರ ಬಂದಾಗ ಗಂಟೆ ಒಂದು ಆಗಲು ನಾಲ್ಕು ನಿಮಿಷ ಇತ್ತು. ಲೀಲಕ್ಕ ಪ್ಲಾಸ್ಟಿಕ್ ತೊಟ್ಟೆಯ ಗಂಟು ಬಿಚ್ಚಿದಳು. ಒಳಗೆ ಇನ್ನೊಂದು ತೊಟ್ಟೆ. ಅದರ ಗಂಟೂ ಬಿಚ್ಚಿ, ಕಾರ್ಡನ್ನು ಸೆರಗಿನಲ್ಲಿ ಒರಸಿ, ಬರೆದ ಬದಿ ಅವನಿಗೆ ಕಾಣುವ ಹಾಗೆ ತಿರುಗಿಸಿ ಇಟ್ಟಳು. ಅವನು ಕಾರ್ಡು ಮುಟ್ಟಲಿಲ್ಲ. ಸರ್ವರ್ ಇಲ್ಲ ಅಂದ. ಅವಳು ತಲೆ ಆಡಿಸಿದಳು. ಸರ್ವರ್ ಅನ್ನುವವರು ಊಟಕ್ಕೆ ಹೋಗಿರಬೇಕು ಅಂತ ತಿಳಿದು ಬದಿಯ ಕಂಬದ ಹತ್ತಿರ ಕೂತಳು."

ಬರೇ ಕೈಗಳು, ಗಂಟುಗಳು, ನಿಮಿಷಗಳು. "ಅವನು ಕಾರ್ಡು ಮುಟ್ಟಲಿಲ್ಲ" ಅನ್ನುವಲ್ಲಿ ನಾನು ಒಂದು ವಿಶೇಷಣವನ್ನೂ ಹಾಕಲಿಲ್ಲ. ಕೊನೆಯ ಸಾಲಿನಲ್ಲಿ ಸ್ವಲ್ಪ ನಗು ಬರುತ್ತದೆ, ಬಂದ ನಗು ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ನಿಂತಲ್ಲೇ ಓದುಗ ಸಿಕ್ಕಿಹಾಕಿಕೊಳ್ಳುವುದು. ಇಂಥ ನಗುವಿಗೆ ಹೆದರಬೇಡಿ. ಆದರೆ ಅವಳ ಅಜ್ಞಾನವನ್ನು ನೋಡಿ ನಗುವ ಹಾಗಾದರೆ ಕತೆ ಕೆಟ್ಟಿತು, ಅದಕ್ಕೇ ಅವಳ ಕೈಚಳಕವನ್ನು ಮೊದಲೇ ತೋರಿಸಿರಬೇಕು ಅಂದದ್ದು.

ಮಾಡಬೇಕಾದ ಕೆಲಸ: ನಿಮ್ಮ ಕರಡಿನಲ್ಲಿ ಕಣ್ಣೀರು, ಹೃದಯ, ವೇದನೆ, ಪಾಪ, ಕ್ರೂರ, ಅಸಹಾಯಕ ಅನ್ನುವ ಶಬ್ದಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ. ಅದನ್ನು ತೆಗೆದು ಆ ಜಾಗದಲ್ಲಿ ಅವರು ಕೈಯಲ್ಲಿ ಏನು ಮಾಡುತ್ತಿದ್ದರು ಅಂತ ಬರೆಯಿರಿ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಮಾಡಿಸಿದಾಗ ಒಬ್ಬ ಹುಡುಗನ ಎರಡು ಪುಟದ ಕತೆ ಅರ್ಧ ಪುಟಕ್ಕೆ ಬಂತು. ಆ ಅರ್ಧ ಪುಟ ಒಳ್ಳೆಯದಿತ್ತು.

ಏಳು: ಒಬ್ಬರೇ ಸಾಕು

2007ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಜನರ ಕೈಗೆ ಐದು ಡಾಲರ್ ಕೊಟ್ಟು, ಇದರಲ್ಲಿ ಎಷ್ಟು ಬೇಕಾದರೂ ದಾನ ಮಾಡಬಹುದು ಅಂದರು. ಕೆಲವರಿಗೆ ಆಫ್ರಿಕದ ಹಸಿವಿನ ಅಂಕಿಅಂಶ ತೋರಿಸಿದರು. ಅವರು ಸರಾಸರಿ 1.14 ಡಾಲರ್ ಕೊಟ್ಟರು. ಇನ್ನು ಕೆಲವರಿಗೆ ಮಾಲಿ ದೇಶದ ರೋಕಿಯಾ ಅನ್ನುವ ಏಳು ವರ್ಷದ ಹುಡುಗಿಯ ಬಗ್ಗೆ ಹೇಳಿದರು. 2.38 ಬಂತು. ಮತ್ತೊಂದು ಗುಂಪಿಗೆ ರೋಕಿಯಾ ಮತ್ತು ಅಂಕಿಅಂಶ ಎರಡೂ ಕೊಟ್ಟರು. ಜಾಸ್ತಿ ಬರಬೇಕಲ್ವಾ? ಬಂದದ್ದು 1.43.

ಅಂದರೆ ಒಬ್ಬಳ ಪಕ್ಕ ಲಕ್ಷಗಟ್ಟಲೆ ಜನರನ್ನು ತಂದು ನಿಲ್ಲಿಸಿದರೆ ಆ ಒಬ್ಬಳೂ ಮಸುಕಾಗುತ್ತಾಳೆ. ದಾನದ ಪ್ರಯೋಗವನ್ನು ಕತೆಗೆ ಹಾಗೇ ಅಂಟಿಸಲಾಗದು, ಗೊತ್ತು. ಆದರೆ ನಮ್ಮಲ್ಲಿ ಜನರ, ಮಕ್ಕಳ ಮೈ ಕೆಡಿಸಿದ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಬಗ್ಗೆ ಬರೆದ ಎಷ್ಟೋ ಹಸ್ತಪ್ರತಿಗಳನ್ನು ಓದಿದ ನನಗೆ ಇದು ಸರಿ ಅನ್ನಿಸುತ್ತದೆ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಮದ್ದು ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿದ್ದು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಲು ಹೇಳಿದ್ದು, ಇದೆಲ್ಲ ವರದಿಯಲ್ಲಿ ಬರಲೇಬೇಕು, ಬಾರದಿದ್ದರೆ ಅನ್ಯಾಯ. ಕತೆಯಲ್ಲಿ ಬಂದರೆ ಕತೆ ಮಲಗುತ್ತದೆ. ಇನ್ನೊಂದು ಕಿರಿಕಿರಿ, ಮಕ್ಕಳ ಮೈಯನ್ನು ಬಣ್ಣಿಸುತ್ತಾ ಹೋಗುವುದು. ಫೋಟೋ ತೆಗೆಯುವವರು ಅದನ್ನು ಸಾಕಷ್ಟು ಮಾಡಿದ್ದಾರೆ, ಜನ ನೋಡಿ ಪುಟ ತಿರುಗಿಸಿದ್ದಾರೆ. ನೀವು ಆ ಮನೆಯ ಅಮ್ಮ ಮದುವೆಗೆ ಹೋಗಬೇಕಾದರೆ ಎರಡು ಗಂಟೆ ಮಗನನ್ನು ಯಾರ ಹತ್ತಿರ ಬಿಡುತ್ತಾಳೆ, ಅದಕ್ಕೆ ಎಷ್ಟು ದಿನ ಮೊದಲೇ ಯಾರ್ಯಾರನ್ನು ಕೇಳುತ್ತಾಳೆ, ಸೀರೆ ತೆಗೆದಿಟ್ಟು ಪುನಃ ಯಾಕೆ ಪೆಟ್ಟಿಗೆಯಲ್ಲಿ ಇಡುತ್ತಾಳೆ, ಅದನ್ನು ಬರೆಯಿರಿ. ಆ ಹುಡುಗನಿಗೂ ಇಷ್ಟದ ಹಾಡೊಂದು ಇರಲಿ.

ಎಂಟು: ಯಾರು ಯಾರನ್ನು ಏನಂತ ಕರೆಯುತ್ತಾರೆ

ಬೇರೆ ಕೆಲವು ಭಾಷೆಗಳ ಕತೆಗಾರರಿಗೆ ಇಲ್ಲದ ಒಂದು ಸಲಕರಣೆ ನಮಗೆ ಪುಕ್ಕಟೆ ಸಿಕ್ಕಿದೆ. ನೀನು, ನೀವು. ಬಾ, ಬನ್ನಿ. ಮಲಯಾಳದಲ್ಲಿ "ವಾ" ಬೇರೆ, "ವರೂ" ಬೇರೆ. ಯಾರಿಗೆ ಎಷ್ಟು ಬೆಲೆ ಅಂತ ಹೇಳಲು ಒಂದು ಪುಟ ಬೇಡ, ಒಂದು ಅಕ್ಷರ ಸಾಕು. ಗುಮಾಸ್ತ ಮುಂದಿನ ಮನುಷ್ಯನಿಗೆ "ಇರಿಕ್ಕೂ" ಅಂತ ಕುರ್ಚಿ ತೋರಿಸಿ, ಲೀಲಕ್ಕನಿಗೆ "ನಾಳೆ ವಾ" ಅನ್ನಲಿ. ಅವನು ಅವಳಿಗಿಂತ ಇಪ್ಪತ್ತೈದು ವರ್ಷ ಸಣ್ಣವನು. ಅವಳು ಅವನನ್ನು "ಸಾರ್" ಅನ್ನುತ್ತಾಳೆ. ಬ್ರಾಂಚಿನಲ್ಲಿ ಚೆಕ್ಕರ್ ಅವಳನ್ನು "ಲೀಲಕ್ಕ" ಅಂತಲೇ ಕರೆಯುತ್ತಾನೆ, ಅಕ್ಕ ಅಂತ ಕರೆದೇ ಬೀಡಿ ಎಸೆಯುತ್ತಾನೆ. ಎರಡರಲ್ಲಿ ಯಾವುದು ಜಾಸ್ತಿ ನೋಯುತ್ತದೆ ಅಂತ ನೀವು ತೀರ್ಮಾನ ಮಾಡಬೇಡಿ, ಎರಡನ್ನೂ ಇಡಿ.

ತುಳುವಿನ ಮಾತು ಬಂದರೆ ಪಕ್ಕದಲ್ಲೇ ಅರ್ಥ ಬರೆಯುವ ಅಭ್ಯಾಸ ಬಿಡಿ. ಅವಳು ಕಿಟಕಿಯ ಮುಂದೆ ಗಾಬರಿಯಾಗಿ "ಎಂಕ್ ಗೊತ್ತುಜ್ಜಿ" ಅಂದಳು ಅನ್ನಿ. ಧಾರವಾಡದ ಓದುಗನಿಗೆ ಪೂರ್ತಿ ತಿಳಿಯದಿರಬಹುದು. ಇರಲಿ. ಗುಮಾಸ್ತನಿಗೂ ತಿಳಿಯಲಿಲ್ಲ. ಓದುಗ ಒಂದು ಕ್ಷಣ ಕಿಟಕಿಯ ಆ ಬದಿಗೆ ಹೋಗಿ ಅವನ ಕುರ್ಚಿಯಲ್ಲಿ ಕೂತು ಬರುತ್ತಾನೆ, ಅದೂ ಒಳ್ಳೆಯದೇ.

ಇನ್ನು ಮೌನ. ಅವಳು ಹೇಳಬೇಕು ಅಂತ ಬಸ್ಸಿನಲ್ಲಿ ಇಡೀ ದಾರಿ ಬಾಯಿಪಾಠ ಮಾಡಿದ ಮಲಯಾಳದ ಎರಡು ವಾಕ್ಯ, ಅಲ್ಲಿ ಹೇಳಲಾಗದೆ ವಾಪಸು ಬರುವಾಗ ಬಸ್ಸಿನಲ್ಲಿ ಸರಿಯಾಗಿ ನೆನಪಾಗುತ್ತದೆ. ನಮಗೆಲ್ಲ ಆದದ್ದೇ.

ಒಂಬತ್ತು: ಕೊನೆಯಲ್ಲಿ ಕೊಲ್ಲಬೇಡಿ, ಎತ್ತಿಕೊಂಡೂ ಹೋಗಬೇಡಿ

ಪಾತ್ರ ಸತ್ತರೆ ಓದುಗನ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಒಳ್ಳೆಯ ಕಲೆಕ್ಟರ್ ಬಂದು ಎಲ್ಲ ಸರಿ ಮಾಡಿದರೂ ಮುಗಿಯಿತು. ಎರಡೂ ಸೋಮಾರಿ ದಾರಿ. ನಾನು ಎರಡನ್ನೂ ಬಳಸಿದ್ದೇನೆ.

ಮುಗಿಸುವುದು ಹೇಗೆ ಅಂತ ಕಲಿಯಲು ನಾವು ದೂರ ಹೋಗಬೇಕಿಲ್ಲ. ಕೊರಗ ತನಿಯನ ಪಾಡ್ದನ, ಅಂದರೆ ತುಳುವಿನ ಹಾಡುಗತೆ, ಕೇಳಿ. ಹಾಡುವವರು ಬದಲಾದಂತೆ ವಿವರ ಬದಲಾಗುತ್ತದೆ, ಆದರೆ ಹೊಂದಿಕೆ ಒಂದೇ. ಮುಟ್ಟಬಾರದವರು ಅಂತ ದೂರ ಇಟ್ಟ ಕೊರಗ ಜಾತಿಯ, ತಾಯಿ ತಂದೆ ಇಲ್ಲದ ಹುಡುಗ. ಮೈರಕ್ಕೆ ಬೈದೆದಿ ಸಾಕುತ್ತಾಳೆ. ಹಲವು ಆಳು ಹೊರುವ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನದ ಉತ್ಸವಕ್ಕೆ ತರುತ್ತಾನೆ. ಹೊರಗೆ ನಿಲ್ಲು ಅನ್ನುತ್ತಾರೆ. ಅವನು ಕೇಳುತ್ತಾನೆ: ನಾನು ಹೊತ್ತು ತಂದ ಸಾಮಾನು ಒಳಗೆ ಹೋಗಬಹುದಾದರೆ ಹೊತ್ತು ತಂದ ನಾನು ಯಾಕೆ ಹೋಗಬಾರದು? ಉತ್ತರ ಇಲ್ಲ. ಆಮೇಲೆ ಅಲ್ಲಿಯ ಮರದಲ್ಲಿ ಮಾದಳದ ಹಣ್ಣು ಕಂಡು, ಸಾಕಿದ ತಾಯಿಗೆ ಉಪ್ಪಿನಕಾಯಿಗೆ ಆಗುತ್ತದೆ ಅಂತ ಕೊಯ್ಯಲು ಹೋಗಿ ಮಾಯವಾಗುತ್ತಾನೆ.

ಮೇಲೆ ಹೇಳಿದ್ದೆಲ್ಲ ಇದರಲ್ಲಿ ಇದೆ, ಗಮನಿಸಿ. ಕೈಯ ಬಲ ಇದೆ, ಒಂದು ನಿರ್ದಿಷ್ಟ ಬಾಗಿಲು ಇದೆ, ಬಯಕೆ ಒಂದು ಹಣ್ಣಿನಷ್ಟು. ಅಷ್ಟು ದೊಡ್ಡ ಪ್ರಶ್ನೆ ಕೇಳಿದ ಮೇಲೂ ಅವನ ತಲೆಯಲ್ಲಿ ಇದ್ದದ್ದು ಉಪ್ಪಿನಕಾಯಿ! ಅದಕ್ಕೇ ಇರಬೇಕು, ಇವತ್ತಿಗೂ ಏನಾದರೂ ಕಳೆದುಹೋದರೆ ನಮ್ಮ ಜನ ಕೊರಗಜ್ಜ ಅನ್ನುವ ದೈವವಾದ ಅವನಿಗೆ ಹರಕೆ ಹೇಳಿಕೊಳ್ಳುವುದು. ಇಲ್ಲಿ ವೇಷ ಕಟ್ಟಿ ಕುಣಿಯುವ ದೈವಗಳಾದ ತೆಯ್ಯಗಳಲ್ಲಿ ಪೊಟ್ಟನ್ ತೆಯ್ಯವೂ ಹಾಗೆ. ದಾರಿ ಬಿಡು ಅಂದ ಮೇಲ್ಜಾತಿಯವರಿಗೆ, ನಿಮ್ಮನ್ನು ಕಡಿದರೂ ರಕ್ತ ನಮ್ಮನ್ನು ಕಡಿದರೂ ರಕ್ತ ಅಲ್ಲವಾ ಅಂತ ಕೇಳುತ್ತಾನೆ. ಸೋತವನ ಕೈಯಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ, ಗೆದ್ದವರಿಗೆ ಉತ್ತರ ತಿಳಿಯುವುದಿಲ್ಲ.

ಲೀಲಕ್ಕನ ಕತೆಯನ್ನು ನಾನು ಹೀಗೆ ನಿಲ್ಲಿಸಿದೆ. ಎರಡೂವರೆಯ ಬಸ್ಸು ಸಿಗುತ್ತದೆ. ಬ್ರಾಂಚಿಗೆ ಸಮಯಕ್ಕೆ ಮುಟ್ಟುತ್ತಾಳೆ. ಚೆಕ್ಕರ್ ಒಂದು ಹಿಡಿ ತೆಗೆದು ಬದಿಗೆ ಹಾಕುತ್ತಾನೆ. ಅವಳು ಆ ಹಿಡಿಯನ್ನು ಎತ್ತಿ, ಒಂದೊಂದೇ ಬೀಡಿಯನ್ನು ಅವನ ಮೇಜಿನ ಮೇಲೆ ಸಾಲಾಗಿ ಇಡುತ್ತಾಳೆ. "ಯಾವುದು ಸರಿ ಇಲ್ಲ, ಒಂದು ತೋರ್ಸಿ" ಅನ್ನುತ್ತಾಳೆ. ಹಿಂದೆ ಹೆಂಗಸರ ಸಾಲು ನಿಂತಿದೆ. ಅವನು ಬೀಡಿಗಳನ್ನು ನೋಡುತ್ತಾನೆ. ಅಷ್ಟೆ. ಕಾರ್ಡು ಬಿಳಿಯೇ.

ಆಫೀಸಿನಲ್ಲಿ ಆಡಲಾಗದ ಮಾತನ್ನು ಅವಳು ತನ್ನ ಕೆಲಸ ತನಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲಿ ಆಡಿದಳು. ಅಲ್ಲಿಯ ಸಿಟ್ಟು ಇಲ್ಲಿ ಬಂತು ಅಂತ ನಾನು ವಿವರಿಸಿ ಬರೆದಿದ್ದ ಒಂದು ಪ್ಯಾರಾವನ್ನು ಕೊನೆಗೆ ಹರಿದು ಹಾಕಿದೆ. ಮೂರು ದಿನ ಹೊಟ್ಟೆ ಉರಿಯಿತು, ಒಳ್ಳೆಯ ಪ್ಯಾರಾ ಅದು.

ಕಡೆಯ ಕೆಲಸ: ಗೊತ್ತಿರುವವರಿಗೆ ಓದಿ ಹೇಳಿ

ಸಾಹಿತಿಗಳಿಗೆ ಆಮೇಲೆ ತೋರಿಸಿ. ಮೊದಲು ಆ ಕೆಲಸ ಮಾಡುವವರ ಎದುರು ಕೂತು ಗಟ್ಟಿಯಾಗಿ ಓದಿ. ಎಲ್ಲಿ ಅವರು "ಹಾಗಲ್ಲ" ಅನ್ನುತ್ತಾರೋ ಅಲ್ಲಿ ನಿಲ್ಲಿಸಿ, ಬರೆದುಕೊಳ್ಳಿ. ಕತೆ ಚೆನ್ನಾಗಿದೆಯಾ ಅಂತ ಕೇಳಬೇಡಿ, ಪಾಪ, ಮುಖದ ಎದುರು ಇಲ್ಲ ಅಂತ ಯಾರು ಹೇಳುತ್ತಾರೆ? ಓದಿ ಮುಗಿಸಿ ಸುಮ್ಮನೆ ಕೂತಿರಿ. ಅವರು ಮೊದಲು ಏನು ಮಾತಾಡುತ್ತಾರೆ ಅಂತ ನೋಡಿ.

ಕಳೆದ ವರ್ಷದ ವಾಚನಾ ದಿನಕ್ಕೆ ಲೀಲಕ್ಕನ ಕತೆ ಓದಿದೆ. ಅದೇ ಗ್ರಂಥಾಲಯ, ಅದೇ ಬೆಂಚು. ಅದೇ ಅಕ್ಕ. ಓದುವ ಮಧ್ಯದಲ್ಲೇ ಒಂದು ಸಲ ತಡೆದರು, ಎಲೆಯನ್ನು ಕಟ್ಟಿಡುವ ಬಗ್ಗೆ ನಾನು ಬರೆದದ್ದು ತಪ್ಪಿತ್ತು. ತಿದ್ದಿಕೊಂಡೆ. ಮುಗಿದ ಮೇಲೆ ಯಾರೂ ಪಾಪ ಅನ್ನಲಿಲ್ಲ. ಚಾ ಬಂತು. ಆ ಅಕ್ಕ ಲೋಟ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಅಲ್ಲ ಮಾಷ್ಟ್ರೇ, ಅವಳು ಸೋಮವಾರ ಯಾಕೆ ಹೋದದ್ದು? ಸೋಮವಾರ ರಶ್ ಇರ್ತದೆ. ಬುಧವಾರ ಹೋಗ್ಲಿಕ್ಕೆ ಹೇಳಿ. ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ ನಿಲ್ಬೇಕು. ಮತ್ತೆ ಒಬ್ಬಳೇ ಹೋಗುದು ಬೇಡ, ಮಲಯಾಳ ಗೊತ್ತಿರುವ ಯಾರನ್ನಾದ್ರೂ ಕರ್ಕೊಂಡು ಹೋಗ್ಲಿ. ನಮ್ಮ ಮೇಲಿನ ಮನೆಯ ಹುಡುಗಿ ಇದ್ದಾಳೆ, ಅವಳು ಚಂದ ಮಾತಾಡ್ತಾಳೆ, ನಾನು ಬೇಕಾದ್ರೆ ಹೇಳ್ತೇನೆ."